ಮಲಪ್ರಭೆಯ ನೀರಿಗೊಂದು ಕೀರ್ದಿ: ಪೋಷಕಾಂಶ ಮಾಲಿನ್ಯವನ್ನು ನಾಗರಿಕರೇ ಅಳೆಯುವ ಬಗೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ ಕಲುಷಿತ ನದೀಪಾತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಒಟ್ಟು 351 ಪಾತ್ರಗಳಿದ್ದ ಆ ಪಟ್ಟಿಯಲ್ಲಿ ಕರ್ನಾಟಕಕ್ಕೆ ಸೇರಿದವು 17. ಅವುಗಳಲ್ಲೊಂದು ಖಾನಾಪುರದಿಂದ ರಾಮದುರ್ಗದವರೆಗಿನ ಮಲಪ್ರಭೆ. ಮಾಲಿನ್ಯದ ತೀವ್ರತೆಯನ್ನು ಅನುಸರಿಸಿ ಮಾಡಿದ ಐದು ಆದ್ಯತಾ ವರ್ಗಗಳ ಪೈಕಿ ಈ ಪಾತ್ರಕ್ಕೆ ದೊರೆತದ್ದು ಮೂರನೆಯ ವರ್ಗ. ಅದೇ ವರ್ಷ ಸೆಪ್ಟೆಂಬರ್ 20ರಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಪಟ್ಟಿಯಲ್ಲಿರುವ ಪ್ರತಿಯೊಂದು ಪಾತ್ರಕ್ಕೂ ಪುನಶ್ಚೇತನ ಯೋಜನೆಯನ್ನು ರೂಪಿಸುವಂತೆ ರಾಜ್ಯಗಳಿಗೆ ಆದೇಶಿಸಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ವರ್ತಕರಿಗೆ ಈ ಸಂಗತಿ ದೂರದ್ದಲ್ಲ. ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ತನ್ನ ಹಾದಿಯಲ್ಲಿ ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಬೈಲಹೊಂಗಲ ತಾಲೂಕನ್ನು ಬಳಸಿ, ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಂತು, ಅಲ್ಲಿಂದ ಮುನವಳ್ಳಿಯ ಮೇಲೆ ರಾಮದುರ್ಗಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿ ನಮೂದಾದ ಪಾತ್ರವೆಂದರೆ ಈ ನಾಲ್ಕು ಪೇಟೆಗಳ ನೆಲವೇ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೂ ಕುಡಿಯುವ ನೀರು ಹೋಗುವುದು ಈ ಜಲಾಶಯದಿಂದಲೇ.

2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ರಾಮದುರ್ಗದ ಜನ ಹೊಳೆಯ ಕೋಪವನ್ನು ಕಣ್ಣಾರೆ ಕಂಡರು. ಆದರೆ ಕಣ್ಣಿಗೆ ಕಾಣದಂತೆ, ಹನಿಹನಿಯಾಗಿ ಕೂಡುತ್ತ ಹೋಗುವ ಇನ್ನೊಂದು ಹಾನಿಯಿದೆ. ಅದೇ ಪೋಷಕಾಂಶ ಮಾಲಿನ್ಯ. ಇದರ ಸ್ವರೂಪವೇನು, ಇದನ್ನು ಸಾಮಾನ್ಯ ನಾಗರಿಕರು ಅಳೆಯಬಹುದೆ, ಅಳೆದರೆ ವ್ಯಾಪಾರಿ ಹಾಗೂ ಸಣ್ಣ ಉದ್ದಿಮೆದಾರನಿಗೆ ಏನು ಪ್ರಯೋಜನ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪೋಷಕಾಂಶವೇ ವಿಷವಾಗುವ ಪರಿ

ಸಾರಜನಕ ಮತ್ತು ರಂಜಕಗಳು ಬೆಳೆಗೆ ಆಹಾರ. ಹೊಲದಲ್ಲಿದ್ದಾಗ ಇವು ಸಂಪತ್ತು. ಹರಿದು ನೀರಿಗೆ ಸೇರಿದಾಗ ಅಲ್ಲಿಯೂ ಇವು ಬೆಳೆಯನ್ನೇ ಬೆಳೆಸುತ್ತವೆ, ಆದರೆ ಆ ಬೆಳೆ ಪಾಚಿ ಮತ್ತು ಅಂತರಗಂಗೆ. ಪಾಚಿ ಹೆಚ್ಚಿದಂತೆ ನೀರು ಹಸಿರಾಗುತ್ತದೆ, ಬೆಳಕು ಆಳಕ್ಕೆ ಇಳಿಯುವುದಿಲ್ಲ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಕೆಲವು ಜಾತಿಯ ನೀಲಿ-ಹಸಿರು ಪಾಚಿಗಳು ದನಕರುಗಳಿಗೂ ಮನುಷ್ಯರಿಗೂ ಅಪಾಯಕಾರಿಯಾದ ವಿಷವನ್ನು ಉತ್ಪಾದಿಸುತ್ತವೆ.

ಇವೆರಡರಲ್ಲಿ ಸಿಹಿನೀರಿನ ಕೆರೆಗಳ ಮಟ್ಟಿಗೆ ನಿರ್ಣಾಯಕವಾದುದು ರಂಜಕವೆಂಬುದನ್ನು ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 1973ರಲ್ಲಿ ಆರಂಭವಾದ ಪ್ರಯೋಗವೊಂದು ತೋರಿಸಿಕೊಟ್ಟಿತು. ಡೇವಿಡ್ ಷಿಂಡ್ಲರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 226ನೇ ಸಂಖ್ಯೆಯ ಕೆರೆಯನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು ಬೆರೆಸಿದರು. ಒಂದು ಭಾಗಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗವು ಕೆಲವೇ ವಾರಗಳಲ್ಲಿ ಹಸಿರು ಬಣ್ಣಕ್ಕೆ ತಿರುಗಿತು. ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು.

ಕನ್ನಡ ನಾಡಿನಲ್ಲಿ ಇದರ ಪರಿಣಾಮವನ್ನು ಹುಡುಕಲು ದೂರ ಹೋಗಬೇಕಿಲ್ಲ. ಸಂಸ್ಕರಣೆ ಕಾಣದ ಒಳಚರಂಡಿ ನೀರು ಮತ್ತು ಮಾರ್ಜಕಗಳು ತುಂಬಿದ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಕೆರೆಯ ಮೇಲೆಯೇ ಬೆಂಕಿ ಕಾಣಿಸಿಕೊಂಡಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇವು ಒಂದು ದಿನದಲ್ಲಿ ಆದ ಅನಾಹುತಗಳಲ್ಲ. ವರ್ಷಾನುಗಟ್ಟಲೆ ಸೇರುತ್ತ ಬಂದ ಬಾಕಿ ಒಂದು ದಿನ ವಸೂಲಿಗೆ ಬಂದದ್ದಷ್ಟೆ.

ಬಾಕಿ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ. ಕೆರೆ ಅಥವಾ ಜಲಾಶಯದೊಳಗೆ ಬಂದ ರಂಜಕದ ಒಂದು ಪಾಲು ತಳದ ಹೂಳಿನಲ್ಲಿ ಕೂಡುತ್ತದೆ. ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಮತ್ತೆ ಕರಗಿ ಮೇಲಕ್ಕೆ ಬರುತ್ತದೆ. ಹೊಸ ಮಾಲಿನ್ಯವನ್ನು ನಿಲ್ಲಿಸಿದ ಮೇಲೂ ಹಳೆಯ ಸಾಲಕ್ಕೆ ಬಡ್ಡಿ ತೆರುವುದು ಅನಿವಾರ್ಯವಾಗುತ್ತದೆ. ಆದುದರಿಂದ ನೀರು ಹಸಿರಾದ ಮೇಲೆ ಎಚ್ಚರಗೊಳ್ಳುವುದಕ್ಕಿಂತ ಮೊದಲೇ ಅಳೆಯುವುದು ಲಾಭದಾಯಕ.

ಗೊಬ್ಬರದ ಚೀಲದಿಂದ ಒಂದು ಲೆಕ್ಕ

ವಿಷಯವನ್ನು ಅಂಕಿಗಳಲ್ಲಿ ನೋಡೋಣ. ಈ ಭಾಗದ ಪ್ರತಿ ಗೊಬ್ಬರದಂಗಡಿಯಲ್ಲಿಯೂ ದೊರೆಯುವ ಡಿ.ಎ.ಪಿ.ಯ 50 ಕಿಲೋ ಚೀಲದ ಮೇಲೆ 18-46 ಎಂದು ಬರೆದಿರುತ್ತದೆ. ಅಂದರೆ ಅದರಲ್ಲಿ ಶೇ. 46ರಷ್ಟು, ಎಂದರೆ 23 ಕಿಲೋ, ರಂಜಕದ ಆಕ್ಸೈಡ್ ರೂಪವಿದೆ. ಶುದ್ಧ ರಂಜಕಕ್ಕೆ ಪರಿವರ್ತಿಸಿದರೆ ಅದು ಸುಮಾರು 10 ಕಿಲೋ.

ಲೀಟರಿಗೆ 0.035 ಮಿಲಿಗ್ರಾಂ ರಂಜಕವಿದ್ದರೆ ಕೆರೆಯ ನೀರು ಅತಿಪೋಷಿತ ಸ್ಥಿತಿಯ ಹೊಸ್ತಿಲಿಗೆ ಬಂದಿದೆ ಎಂಬುದು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಅಳತೆಗೋಲುಗಳಲ್ಲೊಂದು. ಈ ಲೆಕ್ಕದಲ್ಲಿ ಕೇವಲ 1 ಕಿಲೋ ರಂಜಕವು ಸುಮಾರು 2 ಕೋಟಿ 85 ಲಕ್ಷ ಲೀಟರ್ ಶುದ್ಧ ನೀರನ್ನು ಆ ಹೊಸ್ತಿಲಿಗೆ ತಂದು ನಿಲ್ಲಿಸಬಲ್ಲದು. 10 ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ 2,850 ಟ್ಯಾಂಕರು. ಒಂದು ಚೀಲದ ಹತ್ತನೆಯ ಒಂದು ಭಾಗ ಮಳೆಯಲ್ಲಿ ಕೊಚ್ಚಿಹೋದರೆ ಆಗುವ ಪರಿಣಾಮವಿದು.

ಹಾಗೆಂದು ಎಲ್ಲ ಹೊಣೆಯನ್ನು ಗೊಬ್ಬರದ ಮೇಲೆ ಹೊರಿಸುವುದು ನ್ಯಾಯವಲ್ಲ. ಒಬ್ಬ ಮನುಷ್ಯನ ಮಲಮೂತ್ರದಿಂದ ದಿನಕ್ಕೆ ಸರಾಸರಿ 1ರಿಂದ 2 ಗ್ರಾಂ ರಂಜಕ ಹೊರಬೀಳುತ್ತದೆ. 50 ಸಾವಿರ ಜನಸಂಖ್ಯೆಯ ಒಂದು ಊರನ್ನು ಊಹಿಸಿಕೊಂಡು, ತಲೆಗೆ ಒಂದೂವರೆ ಗ್ರಾಂನಂತೆ ಹಿಡಿದರೆ ದಿನಕ್ಕೆ 75 ಕಿಲೋ ಆಯಿತು. ಅಂದರೆ ಆ ಊರು ದಿನವೂ ಏಳೂವರೆ ಚೀಲ ಡಿ.ಎ.ಪಿ.ಗೆ ಸಮನಾದ ರಂಜಕವನ್ನು, ವರ್ಷಕ್ಕೆ 2,700ಕ್ಕೂ ಹೆಚ್ಚು ಚೀಲಗಳಷ್ಟನ್ನು, ತನ್ನ ಗುಂಡಿಗಳಿಗೂ ಗಟಾರುಗಳಿಗೂ ಬಿಡುತ್ತಿರುತ್ತದೆ. ಇದೆಲ್ಲವೂ ಹೊಳೆಗೆ ಸೇರುವುದಿಲ್ಲ. ಒಂದಷ್ಟು ಮಣ್ಣಿನಲ್ಲಿ ಉಳಿಯುತ್ತದೆ. ಎಷ್ಟು ಉಳಿಯುತ್ತದೆ, ಎಷ್ಟು ಸೇರುತ್ತದೆ ಎಂಬುದನ್ನು ಅಳತೆಯೊಂದೇ ಹೇಳಬಲ್ಲದು.

ಇದಕ್ಕೆ ಸಕ್ಕರೆ ಮತ್ತು ಬೆಲ್ಲದ ತಯಾರಿಕೆಯ ತೊಳೆನೀರು, ನೂಲಿಗೆ ಬಣ್ಣ ಹಾಕುವ ಮನೆಗಳ ನೀರು, ಹೈನಿನ ಕೊಟ್ಟಿಗೆಗಳು, ಖಾನಾವಳಿಗಳು, ಬಟ್ಟೆ ತೊಳೆಯುವ ಘಾಟುಗಳು ಇವೆಲ್ಲವನ್ನೂ ಕೂಡಿಸಬೇಕು. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಂದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷೋಪಲಕ್ಷ ಭಕ್ತರು ಬಂದು ಸೇರುವುದರಿಂದ ಆ ದಿನಗಳ ಖಾತೆಯೇ ಬೇರೆ. ಹೀಗೆ ಹತ್ತಾರು ಪಾಲುದಾರರಿರುವ ವ್ಯವಹಾರದಲ್ಲಿ ಪಾಲಿನ ಲೆಕ್ಕವೇ ಇಲ್ಲದಿರುವುದು ಮುಖ್ಯ ಕೊರತೆ.

ಸರಕಾರಿ ಅಳತೆ ಹೇಳುವುದೇನು, ಹೇಳದಿರುವುದೇನು

ಮೇಲೆ ಹೇಳಿದ 2018ರ ಪಟ್ಟಿಗೆ ಆಧಾರವಾದುದು ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿ.ಓ.ಡಿ. ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವಿದು. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ನದೀಪಾತ್ರವು ಕಲುಷಿತವೆನಿಸುತ್ತದೆ. ಮೂರನೆಯ ಆದ್ಯತಾ ವರ್ಗವೆಂದರೆ 10ರಿಂದ 20 ಮಿಲಿಗ್ರಾಂ.

ಬಿ.ಓ.ಡಿ. ಅತ್ಯಗತ್ಯವಾದ ಅಳತೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಇಂದಿನ ಕೊಳೆಯನ್ನು ತೋರಿಸುತ್ತದೆಯೇ ಹೊರತು ನಾಳೆ ಪಾಚಿಯನ್ನು ಬೆಳೆಸಲಿರುವ ರಂಜಕವನ್ನು ತೋರಿಸುವುದಿಲ್ಲ. ಪಾತ್ರಗಳ ಆದ್ಯತಾ ವರ್ಗೀಕರಣದಲ್ಲಿ ರಂಜಕಕ್ಕೆ ಸ್ಥಾನವಿಲ್ಲ. ಅಢಾವೆ ಪತ್ರಿಕೆಯಲ್ಲಿ ಚಾಲ್ತಿ ಹೊಣೆಯನ್ನು ಮಾತ್ರ ಬರೆದು ದೀರ್ಘಾವಧಿ ಸಾಲವನ್ನು ಬಿಟ್ಟಂತಾಯಿತು. ಎರಡನೆಯ ಮಿತಿಯೆಂದರೆ, ಮಂಡಳಿಯ ಮಾದರಿ ಸಂಗ್ರಹಣಾ ಕೇಂದ್ರಗಳು ಹೊಳೆಯ ಉದ್ದಕ್ಕೆ ಹೋಲಿಸಿದರೆ ಕೆಲವೇ. ಎರಡು ಕೇಂದ್ರಗಳ ನಡುವೆ ಬಂದು ಸೇರುವ ಹಳ್ಳ, ಗಟಾರು, ಕಾಲುವೆಗಳನ್ನು ಬೇರ್ಪಡಿಸಿ ನೋಡಲು ಆ ಅಂಕಿಗಳು ಸಾಲವು. ಈ ತೆರಪನ್ನು ತುಂಬಲು ನಾಗರಿಕರ ಅಳತೆ ನೆರವಾಗುತ್ತದೆ.

ನಾಗರಿಕ ವಿಜ್ಞಾನ: ಹೊರಗಿನ ಮತ್ತು ಮನೆಯ ಉದಾಹರಣೆಗಳು

ವಿಜ್ಞಾನಿಗಳಲ್ಲದ ಸಾಮಾನ್ಯ ಜನರು, ನಿಗದಿತ ವಿಧಾನವನ್ನು ಅನುಸರಿಸಿ, ನಿಯತವಾಗಿ ಮಾಹಿತಿ ಸಂಗ್ರಹಿಸುವುದಕ್ಕೆ ನಾಗರಿಕ ವಿಜ್ಞಾನವೆಂದು ಹೆಸರು. ನೀರಿನ ವಿಷಯದಲ್ಲಿ ಇದರ ಅತ್ಯಂತ ಹಳೆಯ ಸಾಧನ ಸೆಕಿ ತಟ್ಟೆ. ಇಟಲಿಯ ಪಾದ್ರಿಯೂ ಖಗೋಳಜ್ಞನೂ ಆಗಿದ್ದ ಆಂಜೆಲೊ ಸೆಕಿ 1865ರಲ್ಲಿ ಬಿಳಿಯ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ಅಳೆದನು. ಕೆರೆಗಳಿಗೆ ಈಗ ಬಳಸುವುದು 20 ಸೆಂ.ಮೀ. ವ್ಯಾಸದ, ನಾಲ್ಕು ಭಾಗಗಳಲ್ಲಿ ಕಪ್ಪು-ಬಿಳುಪು ಬಣ್ಣ ಬಳಿದ ತಟ್ಟೆ. ಪಾಚಿ ಹೆಚ್ಚಿದಂತೆ ತಟ್ಟೆ ಬೇಗ ಮರೆಯಾಗುತ್ತದೆ. 2 ಮೀಟರಿಗಿಂತ ಮೊದಲೇ ಮರೆಯಾದರೆ ಕೆರೆ ಅತಿಪೋಷಿತವಾಗಿರುವ ಸಂಭವವಿದೆ ಎಂಬುದು 1977ರಲ್ಲಿ ರಾಬರ್ಟ್ ಕಾರ್ಲ್‌ಸನ್ ರೂಪಿಸಿದ ಸೂಚ್ಯಂಕದ ಸಾರ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 1973ರಿಂದ ಸ್ವಯಂಸೇವಕರು ಈ ತಟ್ಟೆಯಿಂದ ಕೆರೆಗಳನ್ನು ಅಳೆಯುತ್ತ ಬಂದಿದ್ದಾರೆ. ಭಾರತದಲ್ಲಿ ಕೇರಳದ ವೇಂಬನಾಡ್ ಸರೋವರದ ದಂಡೆಯ ಜನರು, ತ್ರಿಆಯಾಮ ಮುದ್ರಣದಿಂದ ತಯಾರಿಸಿದ ಪುಟ್ಟ ಸೆಕಿ ತಟ್ಟೆ ಮತ್ತು ಟರ್ಬ್‌ಆಕ್ವಾ ಎಂಬ ಮೊಬೈಲ್ ತಂತ್ರಾಂಶವನ್ನು ಬಳಸಿ ನೀರಿನ ತಿಳಿತನ ಹಾಗೂ ಬಣ್ಣವನ್ನು ದಾಖಲಿಸಿದ್ದಾರೆ. ಆ ಕಾರ್ಯದ ವರದಿ 2021ರಲ್ಲಿ ಪ್ರಕಟವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು ನಡೆಸಿದ ಕೆರೆ ಸಮ್ಮೇಳನಗಳಲ್ಲಿ ಶಾಲಾ ವಿದ್ಯಾರ್ಥಿಗಳೂ ತಮ್ಮೂರ ಕೆರೆಗಳ ಅಧ್ಯಯನವನ್ನು ಮಂಡಿಸಿದ್ದಾರೆ.

ಇವೆಲ್ಲಕ್ಕಿಂತ ಹತ್ತಿರದ ಉದಾಹರಣೆಯೊಂದು ಹಳ್ಳಿಗಳಲ್ಲಿಯೇ ಇದೆ. 2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ ಮಿಷನ್ ಯೋಜನೆಯ ಅನ್ವಯ ಪ್ರತಿ ಗ್ರಾಮದಲ್ಲಿ ಐವರಿಗೆ, ಆದಷ್ಟು ಮಟ್ಟಿಗೆ ಮಹಿಳೆಯರಿಗೇ, ಕಿಟ್ ಬಳಸಿ ಕುಡಿಯುವ ನೀರನ್ನು ಪರೀಕ್ಷಿಸುವ ತರಬೇತಿ ನೀಡಬೇಕು. ಆ ಪರೀಕ್ಷೆಗಳಲ್ಲಿ ನೈಟ್ರೇಟ್ ಸಹ ಸೇರಿದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500ರ ಪ್ರಕಾರ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ನೀರು ಹಸುಗೂಸುಗಳಿಗೆ ವಿಶೇಷವಾಗಿ ಅಪಾಯ. ಬಣ್ಣ ನೋಡಿ ಅಂಕಿ ಬರೆಯುವ ಕೆಲಸ ಹಳ್ಳಿಯ ಹೆಣ್ಣುಮಕ್ಕಳಿಗೆ ಸಾಧ್ಯವಾಗಿರುವಾಗ ಪೇಟೆಯವರಿಗೆ ಅಸಾಧ್ಯವೆನ್ನುವಂತಿಲ್ಲ. ವ್ಯತ್ಯಾಸವಿಷ್ಟೆ: ಆ ಪರೀಕ್ಷೆ ನಡೆಯುವುದು ನಲ್ಲಿ ಮತ್ತು ಕೊಳವೆಬಾವಿಗಳ ನೀರಿಗೆ, ಹರಿಯುವ ಹೊಳೆಗೆ ಹಾಗೂ ನಿಂತ ಕೆರೆಗೆ ಅಂಥದೇ ಏರ್ಪಾಟು ಬೇಕಾಗಿದೆ.

ವರ್ತಕನಿಗೆ ಇದರಿಂದ ಏನು?

ಮೊದಲನೆಯದು, ನೀರಿಲ್ಲದೆ ವ್ಯಾಪಾರವಿಲ್ಲ. ಅಮೆರಿಕದ ಟೊಲೆಡೊ ನಗರದಲ್ಲಿ 2014ರ ಆಗಸ್ಟ್‌ನಲ್ಲಿ ಈರೀ ಸರೋವರದ ಪಾಚಿಯ ವಿಷ ನಲ್ಲಿಯ ನೀರಿಗೆ ಬಂದ ಕಾರಣ 4 ಲಕ್ಷಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ದಿನ ನೀರು ಕುಡಿಯಬಾರದೆಂದು ಆದೇಶವಾಯಿತು. ಕುದಿಸಿದರೆ ಹೋಗುವ ವಿಷವಲ್ಲವಾದ್ದರಿಂದ ಹೋಟೆಲುಗಳು ಬಾಗಿಲು ಮುಚ್ಚಿದವು. ಅಷ್ಟು ದೊಡ್ಡ ಶುದ್ಧೀಕರಣ ವ್ಯವಸ್ಥೆಯುಳ್ಳ ನಗರದ ಪಾಡೇ ಹಾಗಾದರೆ ಒಂದೇ ಜಲಾಶಯವನ್ನು ನೆಚ್ಚಿದ ಪ್ರದೇಶ ಎಚ್ಚರದಿಂದಿರುವುದು ಒಳಿತು.

ಎರಡನೆಯದು, ಹೊಣೆಯ ಹಂಚಿಕೆ. ಪಾತ್ರವೊಂದು ಕಲುಷಿತವೆಂದು ಘೋಷಿತವಾದಾಗ ತಪಾಸಣೆಯ ಮೊದಲ ಬಿಸಿ ತಟ್ಟುವುದು ಪರವಾನಗಿ ಪಡೆದು, ವಿಳಾಸ ಬರೆಯಿಸಿ, ಬೋರ್ಡು ಹಾಕಿಕೊಂಡಿರುವ ಘಟಕಗಳಿಗೆ. ವಿಳಾಸವಿಲ್ಲದ ಗಟಾರಿಗೆ ನೋಟೀಸು ಅಂಟಿಸಲು ಬಾರದು. ಕೇಂದ್ರ ಮಂಡಳಿಯು 2019ರಲ್ಲಿ ರೂಪಿಸಿದ ಪರಿಸರ ಪರಿಹಾರದ ಸೂತ್ರದಲ್ಲಿ ಐದು ಅಂಶಗಳ ಗುಣಾಕಾರವಿದೆ: ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿ ಅಂಶ, ಘಟಕದ ಗಾತ್ರ ಮತ್ತು ಸ್ಥಳದ ಅಂಶ. ಸೂಚ್ಯಂಕವು ಕೆಂಪು ವರ್ಗಕ್ಕೆ 80, ಕಿತ್ತಳೆಗೆ 50, ಹಸಿರಿಗೆ 30. ಕಿತ್ತಳೆ ವರ್ಗದ ಸಣ್ಣ ಘಟಕವೊಂದು 30 ದಿನ ನಿಯಮ ಮೀರಿತೆಂದು ಭಾವಿಸಿದರೆ, 50 × 30 × 250 × 0.5 × 1 = 1,87,500 ರೂಪಾಯಿ. ದಿನಕ್ಕೆ 6,250 ರೂಪಾಯಿ ಆಯಿತು. ಹಸಿರು ವರ್ಗದ ಸಣ್ಣ ಘಟಕಕ್ಕೆ ಇದೇ ಲೆಕ್ಕದಲ್ಲಿ 3,750 ಬಂದರೂ, ದಿನಕ್ಕೆ ಕನಿಷ್ಠ 5,000 ರೂಪಾಯಿ ಎಂಬ ಷರತ್ತು ಆ ಸೂತ್ರದಲ್ಲಿದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳು ಇಂಥ ಪರಿಹಾರವನ್ನು ವಿಧಿಸಬಲ್ಲವು, ಆದರೆ ತತ್ತ್ವ ಹಾಗೂ ವಿಧಾನಗಳನ್ನು ನಿಯಮಗಳ ಮೂಲಕ ನಿಗದಿಪಡಿಸಿದ ಮೇಲೆ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 4ರಂದು ತೀರ್ಪಿತ್ತಿದೆ. ಆದ್ದರಿಂದ ಪ್ರತಿಯೊಂದು ಘಟಕವೂ ತನಗೆ ಅನ್ವಯಿಸುವ ನಿಯಮವನ್ನು ಸಲಹೆಗಾರರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಹೊಳೆಯ ಮೇಲ್ಭಾಗ ಮತ್ತು ಕೆಳಭಾಗಗಳ ತಿಂಗಳುವಾರು ದಾಖಲೆ ಇದ್ದರೆ ಯಾವ ನಡುವಿನಲ್ಲಿ ಅಂಕಿ ಏರುತ್ತದೆ, ಯಾವ ತಿಂಗಳಿನಲ್ಲಿ ಏರುತ್ತದೆ ಎಂಬುದು ಕಾಣುತ್ತದೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೂ ಅಂಕಿ ಇಳಿಯದಿದ್ದರೆ ಬೇರೆ ಮೂಲವನ್ನು ಹುಡುಕಬೇಕಾಗುತ್ತದೆ. ಹಂಗಾಮಿನ ಜೊತೆಗೇ ಏರಿ, ಜೊತೆಗೇ ಇಳಿದರೆ ಅದೂ ಒಂದು ಉತ್ತರವೇ. ದಾಖಲೆ ಯಾರ ಪರವಾಗಿಯೂ ವಕಾಲತ್ತು ವಹಿಸುವುದಿಲ್ಲ. ಆದರೆ ದಾಖಲೆ ಇಲ್ಲದ ಕಡೆ ಸಂಶಯ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ.

ಸ್ವಯಂಸೇವಕರ ಅಳತೆಯೇ ತಮಗೆ ಉರುಳಾದೀತೆಂಬ ಅಂಜಿಕೆ ಕೆಲವರಲ್ಲಿರಬಹುದು. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆಯ 21ನೇ ಕಲಮಿನ ಪ್ರಕಾರ ಮಂಡಳಿಯು ಘಟಕದಿಂದ ತೆಗೆಯುವ ಮಾದರಿಗೆ ಕಟ್ಟುನಿಟ್ಟಾದ ವಿಧಾನವಿದೆ: ಘಟಕದವರಿಗೆ ನೋಟೀಸು ಕೊಡಬೇಕು, ಮಾದರಿಯನ್ನು ಎರಡು ಪಾಲು ಮಾಡಬೇಕು, ಮುದ್ರೆ ಹಾಕಿ ಉಭಯತರರು ಸಹಿ ಮಾಡಬೇಕು, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಈ ವಿಧಾನ ತಪ್ಪಿದ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ನಾಗರಿಕರ ಅಳತೆಯು ಈ ವಿಧಾನದ ಜಾಗವನ್ನು ತುಂಬುವಂಥದ್ದಲ್ಲ. ಎಲ್ಲಿ, ಯಾವಾಗ ನೋಡಬೇಕೆಂದು ಸೂಚಿಸುವ ಕೈಮರ ಮಾತ್ರ.

ಕೀರ್ದಿಯನ್ನು ಬರೆಯುವ ಬಗೆ

1. ಸ್ಥಳಗಳ ಆಯ್ಕೆ: ಎಂ.ಕೆ. ಹುಬ್ಬಳ್ಳಿಯ ಸೇತುವೆ, ಬೈಲಹೊಂಗಲ ತಾಲೂಕಿನಲ್ಲಿ ಜಲಾಶಯದ ಹಿನ್ನೀರಿಗೆ ಮೊದಲು ಒಂದು ಸ್ಥಳ, ರೇಣುಕಾಸಾಗರ, ಆಣೆಕಟ್ಟಿನ ಕೆಳಗೆ ಮುನವಳ್ಳಿ, ರಾಮದುರ್ಗಕ್ಕೆ ಮೊದಲು ಮತ್ತು ರಾಮದುರ್ಗದ ನಂತರ. ಇದಕ್ಕೆ ಕಿತ್ತೂರಿನ ಒಂದು ಕೆರೆಯನ್ನು ಸೇರಿಸಬಹುದು. ಊರಿಗೆ ಮೊದಲಿನ ಅಂಕಿ ಪ್ರಾರಂಭಿಕ ಶಿಲ್ಕು, ಊರ ನಂತರದ ಅಂಕಿ ಅಂತಿಮ ಶಿಲ್ಕು. ನಡುವಿನ ವ್ಯತ್ಯಾಸ ಆ ಊರಿನ ಖಾತೆಗೆ. ಒಮ್ಮೆ ಆರಿಸಿದ ಸ್ಥಳವನ್ನು ಬದಲಾಯಿಸಕೂಡದು.

2. ದಿನಗಳ ಆಯ್ಕೆ: ತಿಂಗಳಿಗೊಮ್ಮೆ, ನಿಗದಿತ ದಿನ, ನಿಗದಿತ ವೇಳೆ. ಇದಲ್ಲದೆ ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ, ಹಿಂಗಾರಿ ಬಿತ್ತನೆಯ ನಂತರ, ನುರಿಸುವ ಹಂಗಾಮಿನ ಆರಂಭ ಮತ್ತು ಕೊನೆಯಲ್ಲಿ, ಭಾರತ ಹುಣ್ಣಿಮೆಯ ಮೊದಲು ಮತ್ತು ನಂತರ ವಿಶೇಷ ಅಳತೆಗಳು ಬೇಕು.

3. ಸಾಧನಗಳು: ಜಲಾಶಯ ಮತ್ತು ಕೆರೆಗೆ ಸೆಕಿ ತಟ್ಟೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಕತ್ತರಿಸಿ, ಬಣ್ಣ ಬಳಿದು, ಭಾರ ಕಟ್ಟಿ, 10 ಸೆಂ.ಮೀ.ಗೊಂದು ಗುರುತು ಮಾಡಿದ ಹಗ್ಗ ಪೋಣಿಸಿದರೆ ತಟ್ಟೆ ಸಿದ್ಧ. ನೈಟ್ರೇಟ್ ಮತ್ತು ಫಾಸ್ಫೇಟ್ ಅಳೆಯಲು ಬಣ್ಣ ಹೋಲಿಸುವ ಕಿಟ್. ಇವುಗಳ ಜೊತೆಗೆ ತಾಪಮಾಪಕ ಮತ್ತು ಒಂದು ಛಾಯಾಚಿತ್ರ.

4. ದಾಖಲೆ: ದಿನಾಂಕ, ವೇಳೆ, ಸ್ಥಳ, ಅಂಕಿ, ಹಿಂದಿನ ಮೂರು ದಿನಗಳ ಮಳೆ, ನೀರಿನ ಬಣ್ಣ ಮತ್ತು ವಾಸನೆ, ಅಂತರಗಂಗೆಯ ಹರವು, ಅಳೆದವರ ಸಹಿ. ತಪ್ಪಾಗಿ ಬರೆದುದನ್ನು ಅಳಿಸದೆ, ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡಬೇಕು. ಲೆಕ್ಕದ ಪುಸ್ತಕಕ್ಕೆ ಅನ್ವಯಿಸುವ ನಿಯಮವೇ ಇದಕ್ಕೂ ಅನ್ವಯಿಸುತ್ತದೆ.

5. ಪರಿಶೋಧನೆ: ಪ್ರತಿ ಅಳತೆಯನ್ನು ಇಬ್ಬರು ಬೇರೆಬೇರೆಯಾಗಿ ಮಾಡಬೇಕು. ಬಟ್ಟಿ ಇಳಿಸಿದ ನೀರನ್ನೂ ಆಗಾಗ ಪರೀಕ್ಷಿಸಿ ಕಿಟ್ ಸೊನ್ನೆ ತೋರಿಸುವುದೇ ಎಂದು ನೋಡಬೇಕು. ಹತ್ತರಲ್ಲಿ ಒಂದು ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ತಾಳೆ ನೋಡಬೇಕು. ಅವಧಿ ಮುಗಿದ ಕಿಟ್‌ನ ಅಂಕಿಯನ್ನು ಸ್ವೀಕರಿಸಕೂಡದು.

ಎಡವುವ ಸ್ಥಳಗಳು

ಅಂಕಿಗಳನ್ನು ಓದುವಾಗ ಮೂರು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು ಮಾನದ ಗೊಂದಲ. ಕೆಲವು ಕಿಟ್‌ಗಳು ನೈಟ್ರೇಟನ್ನು ಪೂರ್ಣ ನೈಟ್ರೇಟ್ ರೂಪದಲ್ಲಿ, ಕೆಲವು ಅದರೊಳಗಿನ ಸಾರಜನಕದ ರೂಪದಲ್ಲಿ ತೋರಿಸುತ್ತವೆ. ಮೊದಲಿನ ರೂಪದ 45 ಎರಡನೆಯ ರೂಪದಲ್ಲಿ ಸುಮಾರು 10 ಆಗುತ್ತದೆ. ಫಾಸ್ಫೇಟಿನ ಅಂಕಿಯನ್ನು ರಂಜಕಕ್ಕೆ ಪರಿವರ್ತಿಸಲು ಸುಮಾರು 3ರಿಂದ ಭಾಗಿಸಬೇಕು. ಕ್ವಿಂಟಲನ್ನೂ ಚೀಲವನ್ನೂ ಒಂದೇ ಅಂಕಣದಲ್ಲಿ ಕೂಡಿಸಿದರೆ ಆಗುವ ಪ್ರಮಾದವೇ ಇಲ್ಲಿಯೂ ಆಗುತ್ತದೆ.

ಎರಡನೆಯದು ದರಕ್ಕೂ ಮೊತ್ತಕ್ಕೂ ಇರುವ ಅಂತರ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬುದು ದರ, ಹರಿವು ಪ್ರಮಾಣ, ಎರಡರ ಗುಣಲಬ್ಧವೇ ಮೊತ್ತ. ಬೇಸಿಗೆಯಲ್ಲಿ ಸೆಕೆಂಡಿಗೆ 1 ಘನ ಮೀಟರ್ ಹರಿಯುವ ಹೊಳೆಯಲ್ಲಿ ಲೀಟರಿಗೆ 0.5 ಮಿಲಿಗ್ರಾಂ ರಂಜಕವಿದ್ದರೆ ದಿನಕ್ಕೆ ಸಾಗುವುದು ಸುಮಾರು 43 ಕಿಲೋ. ಮಳೆಗಾಲದಲ್ಲಿ 50 ಘನ ಮೀಟರ್ ಹರಿದು, ಅಂಕಿ 0.1ಕ್ಕೆ ಇಳಿದರೂ ದಿನಕ್ಕೆ ಸಾಗುವುದು 432 ಕಿಲೋ. ಅಂಕಿ ಇಳಿಯಿತೆಂದು ಹಿಗ್ಗುವ ಹೊತ್ತಿನಲ್ಲಿಯೇ ಜಲಾಶಯಕ್ಕೆ ಹತ್ತು ಪಟ್ಟು ಜಮೆಯಾಗುತ್ತಿರಬಹುದು. ಆದಕಾರಣ ಹರಿವಿನ ಮಾಹಿತಿಯನ್ನೂ ನೀರಾವರಿ ಇಲಾಖೆಯಿಂದ ಪಡೆದು ಪಕ್ಕದಲ್ಲಿ ಬರೆಯುವುದು ಯೋಗ್ಯ.

ಮೂರನೆಯದು ಈ ನೆಲದ ಸ್ವಭಾವ. ಎರೆಮಣ್ಣಿನ ಪ್ರದೇಶದಲ್ಲಿ ಮಳೆಗಾಲದ ನೀರು ಕೆಸರಿನಿಂದಲೇ ಕದಡಿರುತ್ತದೆ. ಆಗ ಸೆಕಿ ತಟ್ಟೆ ಬೇಗ ಮರೆಯಾದರೆ ಅದು ಪಾಚಿಯ ಗುರುತಲ್ಲ, ಮಣ್ಣಿನ ಗುರುತು. ತಟ್ಟೆಯ ಅಂಕಿಯನ್ನು ಕಿಟ್‌ನ ಅಂಕಿ ಹಾಗೂ ನೀರಿನ ಬಣ್ಣದೊಡನೆ ಇಟ್ಟು ಓದಬೇಕೇ ಹೊರತು ಒಂಟಿಯಾಗಿ ಅಲ್ಲ. ಒಂದು ದಿನದ ಅಂಕಿಯಿಂದ ಯಾವ ತೀರ್ಮಾನವನ್ನೂ ಮಾಡಲಾಗದು. ಕನಿಷ್ಠ ಒಂದು ಪೂರ್ತಿ ವರ್ಷದ ದಾಖಲೆ ಕೈಯಲ್ಲಿರಬೇಕು.

ವರ್ತಕರ ಪಾತ್ರ

ಈ ಕಾರ್ಯಕ್ಕೆ ದೊಡ್ಡ ಬಂಡವಾಳ ಬೇಡ, ಬೇಕಾದುದು ನಿಯತಿ. ನಾಲ್ಕೂ ಊರುಗಳ ಕಾಲೇಜುಗಳ ರಸಾಯನಶಾಸ್ತ್ರದ ಉಪನ್ಯಾಸಕರು ಮತ್ತು ವಿದ್ಯಾರ್ಥಿಗಳು ಅಳೆಯಲು, ವರ್ತಕರ ಸಂಘಗಳು ಕಿಟ್ ಹಾಗೂ ಪ್ರಯೋಗಾಲಯದ ಖರ್ಚನ್ನು ಹಂಚಿಕೊಳ್ಳಲು, ರಾಜ್ಯ ಮಂಡಳಿಯ ಬೆಳಗಾವಿ ಪ್ರಾದೇಶಿಕ ಕಚೇರಿಯು ವಿಧಾನವನ್ನು ತಿದ್ದಿಕೊಡಲು ಒಪ್ಪಿದರೆ ಕೆಲಸ ಸಾಗುತ್ತದೆ. ಕಂಪನಿ ಕಾಯಿದೆ 2013ರ 135ನೇ ಕಲಮಿನ ವ್ಯಾಪ್ತಿಗೆ ಬರುವ ದೊಡ್ಡ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ನೀರಿನ ಗುಣಮಟ್ಟದ ರಕ್ಷಣೆಗೆ ವಿನಿಯೋಗಿಸಲು ಏಳನೇ ಅನುಸೂಚಿಯಲ್ಲಿ ಅವಕಾಶವಿದೆ. ಆದರೆ ಹಣ ಕೊಟ್ಟವರು ಅಂಕಿಗಳ ಮೇಲೆ ಕೈಯಾಡಿಸುವಂತಿರಕೂಡದು. ಖರ್ಚು ಭರಿಸುವವರು, ಅಳೆಯುವವರು ಮತ್ತು ತಾಳೆ ನೋಡುವವರು ಬೇರೆಬೇರೆಯಾಗಿದ್ದರೆ ಮಾತ್ರ ದಾಖಲೆಗೆ ಬೆಲೆ. ಅನುಕೂಲವಾದ ಅಂಕಿ, ಪ್ರತಿಕೂಲವಾದ ಅಂಕಿ ಎರಡನ್ನೂ ಪ್ರತಿ ತಿಂಗಳು ಪುರಸಭೆಯ ಫಲಕದ ಮೇಲೆ ಹಚ್ಚಬೇಕು.

ಅಳತೆಯ ಜೊತೆಗೆ ಮನೆಯ ಕೆಲಸವೂ ನಡೆಯಬೇಕು. ಗೊಬ್ಬರದ ವರ್ತಕರು ಮಣ್ಣು ಪರೀಕ್ಷೆಯ ಚೀಟಿ ನೋಡಿ ಗೊಬ್ಬರ ಕೊಡುವುದು, ಚೆಲ್ಲಿದ ಗೊಬ್ಬರವನ್ನು ನೀರು ಹಾಕಿ ತೊಳೆಯದೆ ಗುಡಿಸಿ ತೆಗೆಯುವುದು; ಬಣ್ಣದ ಮನೆಯವರು ಮತ್ತು ಬೆಲ್ಲದವರು ತೊಳೆನೀರನ್ನು ಹಳ್ಳಕ್ಕೆ ಬಿಡದೆ ತಡೆದು ಸಂಸ್ಕರಿಸುವುದು; ಖಾನಾವಳಿಯವರು ಜಿಡ್ಡು ಹಾಗೂ ಅನ್ನದ ಮುಸುರೆಯನ್ನು ಬೇರ್ಪಡಿಸುವುದು: ಇವು ಖರ್ಚಿಗಿಂತ ಶಿಸ್ತನ್ನು ಬೇಡುವ ಕೆಲಸಗಳು. ಹೊಲದಿಂದ ಕೊಚ್ಚಿಹೋದ ಗೊಬ್ಬರ ರೈತನಿಗೂ ನಷ್ಟವೆಂಬುದನ್ನು ಮರೆಯಬಾರದು.

ಪರಿಶ್ರಮ ವ್ಯರ್ಥವಾಗದೆಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರವು ನಿದರ್ಶನ. ಅಲ್ಲಿಯ ನಾಗರಿಕರು 1958ರಲ್ಲಿ ಮತ ನೀಡಿ ಒಳಚರಂಡಿಯ ಸಂಯುಕ್ತ ವ್ಯವಸ್ಥೆಗೆ ಒಪ್ಪಿದರು. 1963ರಿಂದ 1968ರ ಅವಧಿಯಲ್ಲಿ ಚರಂಡಿಯ ನೀರನ್ನು ಸರೋವರದಿಂದ ಬೇರೆಡೆಗೆ ತಿರುಗಿಸಲಾಯಿತು. ಬೇಸಿಗೆಯಲ್ಲಿ ಸುಮಾರು 1 ಮೀಟರಿಗೇ ಮರೆಯಾಗುತ್ತಿದ್ದ ಸೆಕಿ ತಟ್ಟೆ ಮುಂದಿನ ದಶಕದಲ್ಲಿ 3 ಮೀಟರಿನ ಆಳವನ್ನೂ ಮೀರಿ ಕಾಣತೊಡಗಿತು. ವರ್ಷವರ್ಷವೂ ಬರೆದಿಟ್ಟ ಅಂಕಿಗಳಿದ್ದುದರಿಂದಲೇ ಹದಗೆಟ್ಟದ್ದೂ ತಿಳಿಯಿತು, ಸುಧಾರಿಸಿದ್ದೂ ತಿಳಿಯಿತು.

ಮಲಪ್ರಭೆಯ ಸ್ಥಿತಿ ಈಗ ಉತ್ತಮವೇ, ಕೆಟ್ಟದ್ದೇ ಎಂಬ ವಾಗ್ವಾದಕ್ಕೆ ಕೊನೆಯಿಲ್ಲ. ಪುಸ್ತಕವಿಲ್ಲದ ಅಂಗಡಿಯಲ್ಲಿ ಲಾಭ-ನಷ್ಟದ ವಾದಕ್ಕೂ ಕೊನೆಯಿರುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ವರ್ತಕ ಬಂಧುಗಳು ದೀಪಾವಳಿಯಂದು ಹೊಸ ಪುಸ್ತಕಗಳಿಗೆ ಪೂಜೆ ಸಲ್ಲಿಸುವಾಗ ಹೊಳೆಯ ಹೆಸರಿನಲ್ಲಿಯೂ ಒಂದು ಪುಸ್ತಕವನ್ನು ತೆರೆದಿಟ್ಟು, ಮೊದಲ ಪುಟದಲ್ಲಿ ಮೊದಲ ತಿಂಗಳ ಅಂಕಿಯನ್ನು ಬರೆಯುವುದು ಕೈಗೆಟಕುವ ಕೆಲಸವೇ ಆಗಿದೆ.